ಆಟದ ಬಗ್ಗಿಯ ಹಿಡಿತ

ಈ ತಿಂಗಳು ನಮಗೆ ಬಂದ ಕಾಗದಗಳ ಪೈಕಿ ಒಂದನ್ನು ಬದಿಗಿಡಲು ಮನಸ್ಸು ಬಾರದು. ಬರೆದವರು ಗೃಹಿಣಿಯೊಬ್ಬರು. ಅವರ ಹದಿನಾಲ್ಕು ವರ್ಷದ ಮಗನಿಗೆ ಸೋದರಮಾವನು ರೇಡಿಯೋದಿಂದ ನಡೆಸುವ ಪಂದ್ಯದ ಬಗ್ಗಿಯೊಂದನ್ನು ತಂದುಕೊಟ್ಟಿರುವನು. ನಿಜವಾದ ಗಾಡಿಯ ಹತ್ತರಲ್ಲಿ ಒಂದು ಪಾಲಿನ ಅಳತೆ. ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಮೋಟಾರಿನ ಬಲ. ನೆಟ್ಟಗೆ ಬಿಟ್ಟರೆ ಬಾಣದಂತೆ ಓಡುವುದು. ತಿರುವು ಬಂದಿತೆಂದರೆ ಹಿಂಭಾಗವು ಸುತ್ತಿಕೊಂಡು, ಬಂದ ದಾರಿಗೇ ಮುಖಮಾಡಿ ನಿಂತುಬಿಡುವುದು. ಇನ್ನೂ ಬಲವಾದ ಮೋಟಾರು ಬೇಕೆಂದು ಹುಡುಗನ ಹಟ. ಇನ್ನೊಂದು ಕಾಸೂ ಇಲ್ಲವೆಂದು ತಂದೆಯವರ ಮಾತು. ಎರಡು ವಾರಗಳಿಂದ ಊಟದ ಹೊತ್ತಿನಲ್ಲಿ ಇಬ್ಬರಿಗೂ ಮಾತುಕತೆಯಿಲ್ಲವಂತೆ. 'ಮೋಟಾರು ಕೊಡಿಸಿದರೆ ಸರಿಹೋಗುವುದೇ?' ಎಂದು ಆ ತಾಯಿಯು ಕೇಳಿರುವರು.

ಸರಿಹೋಗದು, ಇನ್ನಷ್ಟು ಕೆಡುವುದು. ಕಾರಣವೇನೆಂದರೆ, ಟಯರು ನೆಲವನ್ನು ಹಿಡಿಯುವ ಶಕ್ತಿಯು ಒಂದು ಕೊಡದ ನೀರಿನಂತೆ. ಮುಂದಕ್ಕೆ ನೂಕುವುದಕ್ಕೂ ಅದರಿಂದಲೇ ಖರ್ಚು, ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೂ ಅದರಿಂದಲೇ ಖರ್ಚು. ತಿರುವಿನಲ್ಲಿ ಮೋಟಾರೇ ಕೊಡವನ್ನೆಲ್ಲ ಬರಿದುಮಾಡಿದರೆ ಜಾರದಂತೆ ತಡೆಯಲು ಹನಿಯೂ ಉಳಿಯದು. ಈ ಬಗ್ಗಿಯ ಹಿಂಬದಿಯು ಸುತ್ತುವುದು ಬಲ ಸಾಲದೆ ಅಲ್ಲ, ಇರುವ ಬಲವನ್ನು ನೆಲಕ್ಕೆ ಒಪ್ಪಿಸಲಾರದೆ.

ಇದು ನಮ್ಮ ಊಹೆಯಲ್ಲ; ಈ ಆಟದ ಚರಿತ್ರೆಯೇ ಇದನ್ನು ಹೇಳುವುದು. ಜಪಾನಿನ ಷಿಜುವೋಕಾದ ತಮಿಯಾ ಕಂಪೆನಿಯವರು 1976ರಲ್ಲಿ ತಮ್ಮ ಮೊದಲ ರೇಡಿಯೋ ಕಾರನ್ನೂ, 1979ರಲ್ಲಿ ಮಣ್ಣಿನಲ್ಲಿ ಓಡುವ ಬಗ್ಗಿಗಳನ್ನೂ ಹೊರತಂದರು. 1984ರಲ್ಲಿ ಅವರ 'ಹಾರ್ನೆಟ್' ಬಂದು ಮಕ್ಕಳ ಮನಸ್ಸನ್ನು ಸೂರೆಗೊಂಡಿತು. ಆದರೆ ಅದರ ಮುಂದಿನ ಚಕ್ರಗಳಿಗೆ ಎಣ್ಣೆಯಿಲ್ಲದ ಬರಿಯ ಸ್ಪ್ರಿಂಗುಗಳೇ ಗತಿ. ಅದೇ ವರ್ಷ ಕ್ಯಾಲಿಫೋರ್ನಿಯಾದ ಅಸೋಸಿಯೇಟೆಡ್ ಕಂಪೆನಿಯ 'ಆರ್‌ಸಿ 10' ಎಂಬ ಬಗ್ಗಿಯು ನಾಲ್ಕೂ ಚಕ್ರಗಳಿಗೆ ಎಣ್ಣೆ ತುಂಬಿದ ಅಲ್ಯೂಮಿನಿಯಮ್ ಷಾಕ್ ಅಬ್ಸಾರ್ಬರುಗಳನ್ನು ಧರಿಸಿ ಬಂದಿತು. 1985ರಲ್ಲಿ ಕ್ಯಾಲಿಫೋರ್ನಿಯಾದ ಡೆಲ್ ಮಾರ್ ಎಂಬಲ್ಲಿ ನಡೆದ ಮೊದಲ ಜಗತ್‌ಪಂದ್ಯದಲ್ಲಿ, ಎರಡು ಚಕ್ರದ ಬಲವುಳ್ಳ ಬಗ್ಗಿಗಳ ವರ್ಗದಲ್ಲಿ ಗೆದ್ದುದು ಅದೇ. ಹತ್ತನೇ ಒಂದು ಪಾಲಿನ ಗಾಡಿಗೆ ಒಂದು ಬೆರಳು ದಪ್ಪದ ಕಲ್ಲೆಂದರೆ ನಮ್ಮ ಮೋಟಾರು ಗಾಡಿಗೆ ಹತ್ತು ಬೆರಳಿನ ಬಂಡೆಯಿದ್ದ ಹಾಗೆ. ಅದರ ಮೇಲೆ ಹಾರಿ ಬಿದ್ದ ಚಕ್ರವು ಎಷ್ಟು ಬೇಗ ಮತ್ತೆ ನೆಲವನ್ನು ಹಿಡಿಯುವುದೋ ಅಷ್ಟೇ ಗಾಡಿಯ ಯೋಗ್ಯತೆ.

ಇನ್ನು ಮಾಡತಕ್ಕ ಕೆಲಸ. ಮೊದಲು ಗಾಡಿಯಲ್ಲಿ ಯಾವ ರೋಗವೂ ಇಲ್ಲವೆಂದು ಖಂಡಿತಮಾಡಿಕೊಳ್ಳಬೇಕು. ಷಾಕ್ ಅಬ್ಸಾರ್ಬರಿನ ಕೆಳತುದಿಯನ್ನು ಬಿಚ್ಚಿ, ಚಕ್ರವನ್ನು ಹೊತ್ತ ತೋಳನ್ನು ಕೈಯಿಂದ ಮೇಲೆತ್ತಿ ಬಿಡಿರಿ. ಅದು ತನ್ನ ಭಾರದಿಂದಲೇ ಸರಾಗವಾಗಿ ಇಳಿಯತಕ್ಕದ್ದು. ನಡುವೆ ತಡೆದರೆ ಕೀಲಿನಲ್ಲಿ ಮಣ್ಣು ಸೇರಿದೆ, ಇಲ್ಲವೆ ಕಂಬಿ ಬಾಗಿದೆ. ಇದನ್ನು ನೋಡದೆ ತಿರುಪುಗಳನ್ನು ತಿರುಗಿಸುವವರು ಜ್ವರದವನಿಗೆ ಅಂಗಿಯನ್ನು ಬದಲಿಸುವವರು.

ಆಮೇಲೆ ಟಯರು. ಬೇರೆಲ್ಲ ಸರಿಪಾಟುಗಳನ್ನು ಒಟ್ಟುಮಾಡಿದರೂ ಟಯರಿನ ತೂಕಕ್ಕೆ ಬಾರದೆಂಬುದು ನಮ್ಮ ದೃಢವಾದ ಅಭಿಪ್ರಾಯ. ಸಡಿಲ ಮಣ್ಣಿನ ಧೂಳಿನ ಅಂಗಳಕ್ಕೆ ಉದ್ದ ಮುಳ್ಳುಗಳುಳ್ಳ ಮೃದುವಾದ ರಬ್ಬರು ಬೇಕು. ತುಳಿದು ತುಳಿದು ಸಿಮೆಂಟಿನಂತಾದ ಜೇಡಿನೆಲದ ಮೇಲಾದರೋ ಆ ಮುಳ್ಳುಗಳೇ ಬಾಗಿ ಗಾಡಿಯನ್ನು ಹೊಯ್ದಾಡಿಸುವುವು. ಅಲ್ಲಿ ಗಿಡ್ಡ ಮುಳ್ಳಿನವೇ ಮೇಲು. ಹುಡುಗನ ಹಿಂದಿನ ಟಯರುಗಳನ್ನು ಬೆರಳಿನಿಂದ ಸವರಿ ನೋಡಿರಿ. ಮುಳ್ಳಿನ ಅಂಚು ಸವೆದು ಗುಂಡಾಗಿದ್ದರೆ, ಕೊಳ್ಳಬೇಕಾದುದು ಮೋಟಾರಲ್ಲ, ಒಂದು ಜೊತೆ ಟಯರು. ರೋಗವು ಅಲ್ಲಿಗೇ ಮುಗಿದರೂ ಮುಗಿಯಬಹುದು.

ಮುಗಿಯದಿದ್ದರೆ, ಬ್ಯಾಟರಿಯನ್ನು ಕೂರಿಸಿ, ಗಾಡಿಯನ್ನು ಗೇಣೆತ್ತರದಿಂದ ಸಮತಟ್ಟಾದ ಮೇಜಿನ ಮೇಲೆ ಬಿಟ್ಟು, ಅದು ನಿಂತ ಮೇಲೆ ತಳದ ಎತ್ತರವನ್ನು ಅಳೆಯಿರಿ. ಮಣ್ಣಿನ ಓಟಕ್ಕೆ 20ರಿಂದ 24 ಮಿಲಿಮೀಟರು ಸಾಮಾನ್ಯವಾದ ಅಳತೆ. ಎಡಕ್ಕೂ ಬಲಕ್ಕೂ ಒಂದೇ ಇರತಕ್ಕದ್ದು. ಬೀಳುವಾಗಲೇ ಇನ್ನೊಂದು ವಿಷಯವನ್ನು ಗಮನಿಸಬೇಕು. ಗಾಡಿಯು ಒಮ್ಮೆ ತಗ್ಗಿ, ಎದ್ದು, ಸುಮ್ಮನಾದರೆ ಷಾಕಿನೊಳಗಿನ ಎಣ್ಣೆ ಸರಿಯಾಗಿದೆ. ಚೆಂಡಿನಂತೆ ಮತ್ತೆ ಮತ್ತೆ ಕುಣಿದರೆ ಎಣ್ಣೆ ತೆಳು. ಕಲ್ಲು ಬಿದ್ದಂತೆ ಬಿದ್ದು ಮೆಲ್ಲಮೆಲ್ಲನೆ ಏಳುವುದಾದರೆ ಎಣ್ಣೆ ಮಂದ. ಇದಕ್ಕೆ ಸಿಲಿಕೋನ್ ಎಣ್ಣೆಯನ್ನೇ ಹಾಕುವುದು. ಸೀಸೆಯ ಮೇಲೆ ಸೆಂಟಿಸ್ಟೋಕ್ಸ್ ಎಂಬ ಮಾನದಲ್ಲಿ ಅಂಕಿಯಿರುವುದು. 350ರಿಂದ 500ರೊಳಗಿನದು ಆರಂಭಕ್ಕೆ ಸಾಕು. ಬಿಸಿಲಿಗೆ ಎಣ್ಣೆ ತೆಳುವಾಗುವುದರಿಂದ ಬೇಸಿಗೆಯಲ್ಲಿ ಕೊಂಚ ಮಂದವಾದುದನ್ನು ಹಾಕುವುದು ವಾಡಿಕೆ.

ಸ್ಪ್ರಿಂಗುಗಳ ಮರ್ಮವು ಒಂದೇ ಮಾತಿನಲ್ಲಿ ತಿಳಿಯತಕ್ಕದ್ದು: ಮುಂದು ಹಿಂದುಗಳಲ್ಲಿ ಯಾವ ಕಡೆಯು ಮೃದುವೋ ಆ ಕಡೆಗೆ ಸಾಧಾರಣವಾಗಿ ಹಿಡಿತವು ಹೆಚ್ಚು. ಹಿಂಬದಿ ಜಾರುವ ಗಾಡಿಗೆ ಹಿಂದೆ ಮೃದುವಾದ ಸ್ಪ್ರಿಂಗು, ಇಲ್ಲವೆ ಮುಂದೆ ಬಿಗಿಯಾದದ್ದು ಮದ್ದು. ಬ್ಯಾಟರಿಗೆ ಸರಿಯಲು ಸ್ಥಳವಿದ್ದರೆ ಒಂದು ಬೆರಳು ಹಿಂದಕ್ಕೆ ಸರಿಸಿರಿ. ಭಾರವು ಹಿಂದಿನ ಚಕ್ರಗಳನ್ನು ಒತ್ತಿ ಹಿಡಿಯುವುದು. ಹಿಂದಿನ ಚಕ್ರಗಳ ಮುಂಭಾಗವು ಸುಮಾರು 3 ಡಿಗ್ರಿಯಷ್ಟು ಒಳಮುಖವಾಗಿರುವುದನ್ನು ಕಂಡು, ವಕ್ರವಾಗಿದೆಯೆಂದು ನೇರಮಾಡುವವರುಂಟು. ಹಾಗೆ ಮಾಡಬೇಡಿರಿ, ಬಾಲವನ್ನು ನೆಟ್ಟಗಿಡುವುದು ಆ ವಕ್ರವೇ. ಚಕ್ರದ ನೆತ್ತಿಯು 1 ಅಥವಾ 2 ಡಿಗ್ರಿ ಒಳಕ್ಕೆ ಒರಗಿರುವುದೂ ಬೇಕೆಂದೇ ಮಾಡಿದ್ದು.

ಕಾಸಿಲ್ಲದ ಮದ್ದೂ ಒಂದುಂಟು. ಕೈಯಲ್ಲಿ ಹಿಡಿಯುವ ರೇಡಿಯೋ ಪೆಟ್ಟಿಗೆಯಲ್ಲಿ ಚುಕ್ಕಾಣಿಯ ತಿರುವನ್ನು ಕಡಮೆಮಾಡುವ ಗುಂಡಿಯು ಸಾಮಾನ್ಯವಾಗಿ ಇರುವುದು. ನೂರಿದ್ದುದನ್ನು ಎಂಬತ್ತಕ್ಕೆ ಇಳಿಸಿದರೆ ಮುಂಬದಿಯ ಅವಸರ ತಗ್ಗಿ ಹಿಂಬದಿಗೆ ಸಾವಕಾಶ ದೊರೆಯುವುದು.

ಹಾರುವಾಗ ಮೂಗು ಕೆಳಗಾಗಿ ಬೀಳುವುದೆಂದೂ ಆ ತಾಯಿಯವರು ಬರೆದಿರುವರು. ಇದಕ್ಕೆ ತಿರುಪುಳಿ ಬೇಡ, ಬೆರಳು ಸಾಕು. ಗಾಳಿಯಲ್ಲಿರುವಾಗ ಚಕ್ರಗಳ ವೇಗವನ್ನು ಹೆಚ್ಚಿಸಿದರೆ ಒಡಲು ಎದುರು ದಿಕ್ಕಿಗೆ ತಿರುಗಿ ಮೂಗು ಮೇಲೇಳುವುದು. ಬ್ರೇಕು ಹಾಕಿದರೆ ಮೂಗು ತಗ್ಗುವುದು. ಹುಡುಗನು ಹೆದರಿ ಹಾರುವ ಹೊತ್ತಿಗೆ ಕೈಬಿಡುತ್ತಿರುವನೆಂದು ತೋರುವುದು. ಬ್ರೇಕು ತಾನಾಗಿ ಹಿಡಿಯುವಂತೆ ಪೆಟ್ಟಿಗೆಯಲ್ಲಿ ಹೊಂದಿಸಿದ್ದರಂತೂ ಮೂಗು ಕೆಳಗಾಗಲೇಬೇಕು.

ಇವೆಲ್ಲವನ್ನೂ ಒಂದೇ ಸಂಜೆ ಮಾಡಿದರೆ ಯಾವುದರಿಂದ ಗುಣವಾಯಿತೆಂಬುದು ಬ್ರಹ್ಮನಿಗೂ ತಿಳಿಯದು. ಒಂದು ಸಲಕ್ಕೆ ಒಂದೇ ಬದಲಾವಣೆ. ಅದೇ ಅಂಗಳ, ಅದೇ ಬ್ಯಾಟರಿ, ಐದು ಸುತ್ತು. ಗುಣ ಕಾಣದಿದ್ದರೆ ಮೊದಲಿದ್ದಂತೆಯೇ ಮಾಡಿ ಮುಂದಿನದಕ್ಕೆ ಕೈಹಾಕುವುದು. ಇದಕ್ಕೆ ಗಡಿಯಾರ ಹಿಡಿದು ಲೆಕ್ಕ ಬರೆಯುವವರು ಒಬ್ಬರು ಬೇಕೇ ಬೇಕು. ಗಾಡಿ ನಡೆಸುವವನು ತನ್ನ ಸುತ್ತನ್ನು ತಾನೇ ಅಳೆಯಲಾರನು. ಕಾಸಿನ ವಿಷಯದಲ್ಲಿ ಅಷ್ಟು ಖಚಿತವಾಗಿರುವ ತಂದೆಯವರು ಈ ಕೆಲಸಕ್ಕೆ ಅತ್ಯಂತ ಯೋಗ್ಯರೆಂದು ನಮಗೆ ತೋರುವುದು. ಮನೆಯಲ್ಲಿ ತಂಗಿಯರಿದ್ದರೆ ತಿರುಪುಳಿಯನ್ನು ಅವರ ಕೈಗೂ ಕೊಡಿರಿ.

ಕಾಗದದ ಕೊನೆಯಲ್ಲಿ, ಬ್ಯಾಟರಿಗೆ ರಾತ್ರಿ ವಿದ್ಯುತ್ತು ತುಂಬಲು ಇಟ್ಟು ಮಲಗಬಹುದೇ ಎಂದೂ ಕೇಳಿದೆ. ಲಿಥಿಯಮ್ ಪಾಲಿಮರ್ ಬ್ಯಾಟರಿಯಾದರೆ ಕೂಡದು. ಎಚ್ಚರವಿರುವವರ ಕಣ್ಣೆದುರಿನಲ್ಲಿ, ಅದಕ್ಕೆ ತಕ್ಕ ಚಾರ್ಜರಿನಿಂದ, ಕಲ್ಲಿನ ನೆಲದ ಮೇಲೆ ಇಟ್ಟು ತುಂಬಬೇಕು. ಉಬ್ಬಿದ ಬ್ಯಾಟರಿಯನ್ನು ಮತ್ತೆ ಬಳಸಲೇಬಾರದು. ಉಳಿದ ಸಂಗತಿಗಳನ್ನು ಮುಂದಿನ ಸಂಚಿಕೆಯಲ್ಲಿ ಬರೆಯುವೆವು.