ಕಾಂಪಿಟಿಷನ್: ಬೇರಿನಲ್ಲಿರುವುದು ಏನು?

ಇಂಗ್ಲಿಷಿನ ಕಾಂಪಿಟಿಷನ್ ಎಂಬ ಪದದ ಮೂಲ ಲ್ಯಾಟಿನ್ನಿನ ‘ಕೊಂಪೆಟೆರೆ’ ಎಂಬ ಕ್ರಿಯಾಪದ. ಅದರಲ್ಲಿ ಎರಡು ಭಾಗಗಳಿವೆ. ‘ಕೊಂ’ ಎಂದರೆ ಜೊತೆಗೆ, ಒಟ್ಟಿಗೆ. ‘ಪೆಟೆರೆ’ ಎಂದರೆ ಅರಸು, ಬೇಡು, ಒಂದರತ್ತ ನುಗ್ಗು. ಎರಡನ್ನೂ ಕೂಡಿಸಿ ‘ಒಟ್ಟಿಗೆ ಅರಸುವುದು’ ಎಂದು ಅರ್ಥ ಹೇಳಿ, ಸ್ಪರ್ಧೆಯೆಂದರೆ ಮೂಲತಃ ಸಹಕಾರವೇ, ಅದನ್ನು ಹಗೆಯಾಗಿಸಿದವರು ಆಮೇಲಿನವರು ಎಂದು ಬೋಧಿಸುವ ರೂಢಿ ವ್ಯಕ್ತಿತ್ವ ವಿಕಸನದ ಪುಸ್ತಕಗಳಲ್ಲೂ ತರಬೇತಿ ಶಿಬಿರಗಳಲ್ಲೂ ಹಬ್ಬಿದೆ. ಕೇಳಲು ಹಿತವಾದ ಈ ಮಾತು ಆ ಪದದ ಚರಿತ್ರೆಗೆ ಹೊಂದುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಸೋತವರಿಗೆ ಅದು ಅನ್ಯಾಯ ಮಾಡುತ್ತದೆ.

‘ಪೆಟೆರೆ’ ಸೌಮ್ಯವಾದ ಪದವಲ್ಲ. ರೋಮನ್ನರು ಶತ್ರುವಿನ ಮೇಲೆ ಬೀಳುವುದಕ್ಕೂ, ಊರಿನತ್ತ ಹೊರಡುವುದಕ್ಕೂ, ಅಧಿಕಾರ ಬೇಡುವುದಕ್ಕೂ ಅದನ್ನೇ ಬಳಸುತ್ತಿದ್ದರು. ನ್ಯಾಯಾಲಯದ ಪಿಟಿಷನ್, ಹಸಿವಿನ ಅಪೆಟೈಟ್, ಮತ್ತೆ ಮತ್ತೆ ಮಾಡುವ ರಿಪೀಟ್ ಎಲ್ಲವೂ ಅದರ ಸಂತಾನವೇ. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದ ‘ಪತ್’ ಧಾತುವೂ ಅದೂ ಒಂದೇ ಕುಲದವು. ಹಾರುವುದು, ಬೀಳುವುದು ಅದರ ಅರ್ಥ. ಕನ್ನಡಕ್ಕೆ ಬಂದಿರುವ ಪತನ, ಪತಂಗ, ಪತ್ರ ಆ ಧಾತುವಿನಿಂದ ಹುಟ್ಟಿದವು. ಪತ್ರ ಎಂದರೆ ಮೊದಲಿಗೆ ಹಾರಿಸುವ ರೆಕ್ಕೆ, ಗರಿ. ಎಲೆ ಆಮೇಲೆ, ಬರೆಯುವ ಕಾಗದ ಅದಕ್ಕೂ ಆಮೇಲೆ. ಇಂದು ಪತ್ರ ಬರೆಯುವವರು ಯಾರೂ ರೆಕ್ಕೆಯನ್ನು ನೆನೆಯುವುದಿಲ್ಲ, ನೆನೆಯಬೇಕಾದ ಅಗತ್ಯವೂ ಇಲ್ಲ. ಪದದ ಹುಟ್ಟು ಒಂದು, ಬದುಕು ಇನ್ನೊಂದು. ಹುಟ್ಟನ್ನೇ ‘ನಿಜವಾದ ಅರ್ಥ’ವೆಂದು ಮುಂದಿಡುವುದು ತರ್ಕದ ದೋಷ.

ಹಾಗೆಂದು ಬೇರನ್ನು ನೋಡುವುದು ವ್ಯರ್ಥವೂ ಅಲ್ಲ. ಹಳೆಯ ಲ್ಯಾಟಿನ್ನಿನಲ್ಲಿ ‘ಕೊಂಪೆಟೆರೆ’ ಎಂದರೆ ಒಂದೆಡೆ ಬಂದು ಕೂಡುವುದು, ತಾಳೆಯಾಗುವುದು, ತಕ್ಕುದಾಗಿರುವುದು. ರೋಮನ್ ಕಾನೂನಿನಲ್ಲಿ ಒಂದು ದಾವೆ ಹೂಡುವ ಹಕ್ಕು ಇಂಥವನಿಗೆ ಸಲ್ಲುತ್ತದೆ ಎನ್ನಲು ಈ ಕ್ರಿಯಾಪದ ಬರುತ್ತಿತ್ತು. ಆ ಅರ್ಥ ಸತ್ತಿಲ್ಲ. ಸರ್ಕಾರಿ ಕಡತಗಳಲ್ಲಿ ಬರುವ ‘ಸಕ್ಷಮ ಪ್ರಾಧಿಕಾರ’ ಇಂಗ್ಲಿಷಿನ ಕಾಂಪಿಟೆಂಟ್ ಅಥಾರಿಟಿಯ ಕನ್ನಡ ರೂಪ. ಆ ಕಾಂಪಿಟೆಂಟ್ ಈ ಕಾಂಪಿಟಿಷನ್ನಿನ ಒಡಹುಟ್ಟು. ಇಲ್ಲಿ ಗಮನಿಸಬೇಕಾದದ್ದು ‘ಕೊಂ’ ಎಂಬ ಉಪಸರ್ಗದ ಕೆಲಸ. ಅದು ಬರುವವರ ನಡುವಿನ ಸ್ನೇಹವನ್ನು ಹೇಳುವುದಿಲ್ಲ. ಅವರೆಲ್ಲ ಬಂದು ಮುಟ್ಟುವ ಜಾಗ ಒಂದೇ ಎಂಬುದನ್ನು ಹೇಳುತ್ತದೆ.

ಇದಕ್ಕೆ ಅತಿ ಸ್ಪಷ್ಟವಾದ ಸಾಕ್ಷಿ ರೋಮಿನ ಚುನಾವಣೆ. ‘ಕೊಂಪೆಟಿಟೋರ್’ ಎಂದರೆ ಅಲ್ಲಿ ಎದುರಾಳಿ ಅಭ್ಯರ್ಥಿ. ಪ್ರತಿವರ್ಷ ಕಾನ್ಸಲ್ ಎಂಬ ಅತ್ಯುಚ್ಚ ಪದವಿಗೆ ಇಬ್ಬರನ್ನು ಆರಿಸುತ್ತಿದ್ದರು. ಕ್ರಿಸ್ತಪೂರ್ವ 64ರಲ್ಲಿ ವಾಗ್ಮಿ ಸಿಸೆರೊ ಕಣಕ್ಕಿಳಿದಾಗ ಅವನಿಗೆ ಆರು ಮಂದಿ ‘ಕೊಂಪೆಟಿಟೋರ್’ಗಳಿದ್ದರೆಂದು ಮುಂದಿನ ಶತಮಾನದ ವ್ಯಾಖ್ಯಾನಕಾರ ಅಸ್ಕೋನಿಯಸ್ ಬರೆದಿದ್ದಾನೆ. ಅಭ್ಯರ್ಥಿಗಳು ಸೀಮೆಸುಣ್ಣ ತಿಕ್ಕಿ ಬೆಳ್ಳಗೆ ಮಾಡಿದ ಟೋಗ ಉಟ್ಟು ಸಂತೆ ಬಯಲಿಗೆ ಬಂದು ಕಂಡಕಂಡವರ ಕೈ ಹಿಡಿಯುತ್ತಿದ್ದರು. ಎದುರಿಗೆ ಬರುವವನ ಹೆಸರನ್ನು ಕಿವಿಯಲ್ಲಿ ಉಸುರಲೆಂದೇ ಪಕ್ಕದಲ್ಲೊಬ್ಬ ಗುಲಾಮನಿರುತ್ತಿದ್ದ. ಆ ಬಿಳಿ ಬಟ್ಟೆಯಿಂದಲೇ ಕ್ಯಾಂಡಿಡೇಟ್ ಎಂಬ ಪದ ಬಂತು; ಮತಕ್ಕಾಗಿ ಸುತ್ತುವುದರಿಂದ ಆಂಬಿಷನ್ ಬಂತು. ಸಿಸೆರೊವಿನ ಮನೆತನದಲ್ಲಿ ಅದುವರೆಗೆ ಯಾರೂ ಕಾನ್ಸಲ್ ಆಗಿರಲಿಲ್ಲ. ಅವನನ್ನು ಹೊರಗಿಡಲು ಎದುರಾಳಿಗಳಾದ ಕ್ಯಾಟಿಲೀನ್ ಮತ್ತು ಆಂಟೋನಿಯಸ್ ಕೈಜೋಡಿಸಿದರು. ಎರಡು ಸ್ಥಾನಗಳಿದ್ದುದರಿಂದ ಅಂಥ ಹೊಂದಾಣಿಕೆ ಸಾಧ್ಯವಿತ್ತು. ಫಲಿತಾಂಶ ಬಂದಾಗ ಸಿಸೆರೊ ಮೊದಲಿಗನಾಗಿದ್ದ, ಕ್ಯಾಟಿಲೀನನನ್ನು ಅಲ್ಪ ಅಂತರದಿಂದ ಹಿಂದಿಕ್ಕಿ ಆಂಟೋನಿಯಸ್ ಎರಡನೆಯವನಾಗಿದ್ದ. ಮೂರನೆಯವನಿಗೆ ಏನೂ ಇರಲಿಲ್ಲ. ಕ್ಯಾಟಿಲೀನ್ ಮರುವರ್ಷವೂ ನಿಂತು ಸೋತ, ದಂಗೆಯ ಸಂಚು ಹೂಡಿದ, ಕ್ರಿಸ್ತಪೂರ್ವ 62ರಲ್ಲಿ ಯುದ್ಧಭೂಮಿಯಲ್ಲಿ ಸತ್ತ. ಪದ ತಾಜಾ ಆಗಿದ್ದ ಕಾಲದಲ್ಲಿ, ಅದನ್ನು ಆಡುತ್ತಿದ್ದವರ ನಡುವೆ ನಡೆದದ್ದು ಇದು. ಇದರಲ್ಲಿ ಮೂಲ ಸಹಕಾರವನ್ನು ಹುಡುಕುವವರಿಗೆ ಸಿಗುವುದು ಇಬ್ಬರು ಸೇರಿ ಮತ್ತೊಬ್ಬನನ್ನು ತಳ್ಳಲು ಮಾಡಿಕೊಂಡ ಒಪ್ಪಂದವೊಂದೇ.

ಎದುರು ಪಕ್ಷಕ್ಕೆ ಗಟ್ಟಿಯಾದ ಆಧಾರಗಳೂ ಇವೆ. ಮೊದಲನೆಯದು ಶೇಕ್ಸ್‌ಪಿಯರ್. 1600ರ ಆಸುಪಾಸಿನ ಇಂಗ್ಲಿಷಿನಲ್ಲಿ ಕಾಂಪಿಟಿಟರ್ ಎಂಬುದಕ್ಕೆ ಎದುರಾಳಿ ಎಂಬ ಅರ್ಥದ ಜೊತೆಗೆ ಪಾಲುದಾರ, ಜೊತೆಗಾರ ಎಂಬ ಅರ್ಥವೂ ಇತ್ತು. ‘ಆಂಟನಿ ಅಂಡ್ ಕ್ಲಿಯೋಪಾತ್ರ’ ನಾಟಕದಲ್ಲಿ ಆಂಟನಿಯ ಸಾವಿನ ಸುದ್ದಿ ಕೇಳಿದ ಆಕ್ಟೇವಿಯಸ್ ಸೀಸರ್ ಅವನನ್ನು ತನ್ನ ಕಾಂಪಿಟಿಟರ್ ಎಂದು ಕರೆದು ಅಳುತ್ತಾನೆ. ಜಗತ್ತನ್ನು ಒಟ್ಟಿಗೆ ಆಳಿದ ಜೊತೆಗಾರ ಎಂದು ಅಲ್ಲಿನ ಭಾವ. ‘ಒಟ್ಟಿಗೆ ಅರಸುವುದು’ ಎಂಬ ಅರ್ಥ ಕಟ್ಟುಕತೆಯಲ್ಲ, ಒಂದು ಕಾಲಕ್ಕೆ ಬದುಕಿತ್ತು ಎನ್ನುವುದಕ್ಕೆ ಇದು ಸಾಕು. ಆದರೆ ಆ ಸೀಸರನೇ ಆಂಟನಿಯನ್ನು ಸೋಲಿಸಿ ಸಾವಿಗೆ ನೂಕಿದವನು. ರೋಮಿನ ಪ್ರಭುತ್ವ ಇಬ್ಬರಿಗೆ ಸಾಲದಾಗಿತ್ತು. ಪಾಲುದಾರ ಎಂಬ ಅರ್ಥ ಕಾಲಕ್ರಮದಲ್ಲಿ ಬಳಕೆಯಿಂದ ಬಿದ್ದುಹೋಯಿತು.

ಎರಡನೆಯ ಆಧಾರ ಇನ್ನೂ ಗಟ್ಟಿಯಾದದ್ದು, ಅದು ಓಟದ ಮೈದಾನದಿಂದ ಬರುತ್ತದೆ. 1954ರ ಮೇ 6ರಂದು ಆಕ್ಸ್‌ಫರ್ಡಿನಲ್ಲಿ ರೋಜರ್ ಬ್ಯಾನಿಸ್ಟರ್ ಒಂದು ಮೈಲಿಯನ್ನು 3 ನಿಮಿಷ 59.4 ಸೆಕೆಂಡುಗಳಲ್ಲಿ ಓಡಿದರು. ವೇಗ ಹಿಡಿದುಕೊಟ್ಟವರು ಅವರ ಜೊತೆಗಾರರಾದ ಕ್ರಿಸ್ ಬ್ರಾಷರ್ ಮತ್ತು ಕ್ರಿಸ್ ಚಾಟವೇ. ಎರಡು ತಿಂಗಳೂ ಕಳೆಯುವ ಮೊದಲೇ ಫಿನ್ಲೆಂಡಿನ ಟುರ್ಕುವಿನಲ್ಲಿ ಆಸ್ಟ್ರೇಲಿಯದ ಜಾನ್ ಲ್ಯಾಂಡಿ ಆ ದಾಖಲೆ ಮುರಿದರು. ಅಲ್ಲಿ ಅವರನ್ನು ಬೆನ್ನಟ್ಟಿದವರೂ ಇದೇ ಚಾಟವೇ. ಆಗಸ್ಟಿನಲ್ಲಿ ವ್ಯಾಂಕೂವರಿನಲ್ಲಿ ಬ್ಯಾನಿಸ್ಟರ್ ಮತ್ತು ಲ್ಯಾಂಡಿ ಎದುರೆದುರಾದಾಗ ಇಬ್ಬರೂ 4 ನಿಮಿಷದೊಳಗೇ ಮುಗಿಸಿದರು. ಎದುರಾಳಿ ಇಲ್ಲದಿದ್ದರೆ ಒಬ್ಬೊಬ್ಬರ ಶಕ್ತಿಯೂ ಇಷ್ಟು ಹೊರಬರುತ್ತಿರಲಿಲ್ಲ. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ 4 ನಿಮಿಷದ ಗಡಿ ಒಬ್ಬ ದಾಟಿದ ಮಾತ್ರಕ್ಕೆ ಇನ್ನೊಬ್ಬನಿಗೆ ಮುಚ್ಚುವಂಥದ್ದಲ್ಲ. ಎಷ್ಟು ಮಂದಿ ಬೇಕಾದರೂ ದಾಟಬಹುದು. ವ್ಯತ್ಯಾಸ ಇರುವುದು ಇಲ್ಲೇ: ಅರಸುವ ವಸ್ತು ಎಲ್ಲರಿಗೂ ಸಿಗುವಂಥದ್ದೋ, ಎಣಿಸಿಟ್ಟದ್ದೋ ಎಂಬುದರ ಮೇಲೆ ಸ್ಪರ್ಧೆಯ ಗುಣ ನಿಂತಿದೆ.

ಎಣಿಸಿಟ್ಟ ಸ್ಥಾನಗಳ ಸ್ಪರ್ಧೆಯೊಂದಿಗೇ ಈ ಪದ ಭಾರತದ ಬದುಕಿನೊಳಕ್ಕೆ ಬಂದದ್ದು. ಅದುವರೆಗೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು ತಮಗೆ ಬೇಕಾದವರಿಗೆ ಹಂಚುತ್ತಿದ್ದ ಸಿವಿಲ್ ಸರ್ವೀಸ್ ಹುದ್ದೆಗಳಿಗೆ 1855ರಲ್ಲಿ ಲಂಡನ್ನಿನಲ್ಲಿ ಮುಕ್ತ ಪರೀಕ್ಷೆ ಶುರುವಾಯಿತು. ಹಾಗೆ ಬಂದ ಅಧಿಕಾರಿಗಳಿಗೆ ‘ಕಾಂಪಿಟಿಷನ್ ವಾಲಾ’ ಎಂಬ ಹೆಸರೇ ಬಿತ್ತು; 1864ರಲ್ಲಿ ಟ್ರೆವೆಲಿಯನ್ ಬರೆದ ಪುಸ್ತಕಕ್ಕೂ ಅದೇ ಹೆಸರು. ವಶೀಲಿಯ ಜಾಗದಲ್ಲಿ ಪರೀಕ್ಷೆ ಬಂದದ್ದು ದೊಡ್ಡ ಸುಧಾರಣೆ, ಅದರಲ್ಲಿ ಎರಡು ಮಾತಿಲ್ಲ. 1863ರಲ್ಲಿ ಸತ್ಯೇಂದ್ರನಾಥ ಟಾಗೋರರು ಆ ಸೇವೆಗೆ ಆಯ್ಕೆಯಾದ ಮೊದಲ ಭಾರತೀಯರಾದದ್ದು ಅದರಿಂದಲೇ.

ಇಂದು ಧಾರವಾಡದ ಸಪ್ತಾಪುರದಲ್ಲೋ ಬೆಂಗಳೂರಿನ ವಿಜಯನಗರದಲ್ಲೋ ‘ಕಾಂಪಿಟೇಟಿವ್ ಎಕ್ಸಾಂಗೆ ಓದ್ತಾ ಇದೀನಿ’ ಎನ್ನುವ ಹುಡುಗ ಹುಡುಗಿಯರು ಆ ಪರೀಕ್ಷೆಯ ವಾರಸುದಾರರು. ಅವರ ನಡುವೆ ಒಟ್ಟಿಗೆ ಅರಸುವುದು ನಿಜವಾಗಿಯೂ ಇದೆ. ಒಂದೇ ರೂಮಿನ ಬಾಡಿಗೆ ಹಂಚಿಕೊಳ್ಳುತ್ತಾರೆ, ಒಬ್ಬರ ನೋಟ್ಸನ್ನು ನಾಲ್ವರು ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸಿ ಒಬ್ಬರ ಉತ್ತರವನ್ನು ಇನ್ನೊಬ್ಬರು ತಿದ್ದುತ್ತಾರೆ. ಆಯ್ಕೆಪಟ್ಟಿ ಮಾತ್ರ ಆ ಸ್ನೇಹವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಯುಪಿಎಸ್‌ಸಿಯ ಸಿವಿಲ್ ಸೇವಾ ಪರೀಕ್ಷೆಗೆ ಹತ್ತು ಲಕ್ಷದಷ್ಟು ಅರ್ಜಿಗಳು ಬೀಳುತ್ತವೆ, ಹುದ್ದೆಗಳು ಸುಮಾರು ಒಂದು ಸಾವಿರ. ಎಲ್ಲರೂ ಎರಡರಷ್ಟು ಓದಿದರೂ ಹುದ್ದೆ ಎರಡು ಸಾವಿರವಾಗುವುದಿಲ್ಲ. ಕಟ್‌ ಆಫ್ ಮೇಲೇರುತ್ತದೆ ಅಷ್ಟೆ. ವಯೋಮಿತಿ ಮೀರಿ ಬರಿಗೈಲಿ ಊರಿಗೆ ಮರಳುವವರ ಮುಂದೆ ಲ್ಯಾಟಿನ್ ಧಾತುವನ್ನು ಬಿಡಿಸಿ, ಸ್ಪರ್ಧೆ ನಿನ್ನೊಳಗಿನದು, ಉಳಿದವರು ನಿನ್ನ ಸಹಯಾತ್ರಿಗಳು ಎಂದು ಹೇಳುವುದು ಕ್ರೂರವಾದ ಮಾತು. ಹುದ್ದೆಗಳೇಕೆ ಇಷ್ಟು ಕಡಿಮೆ, ಬೇರೆ ಗೌರವದ ಕೆಲಸಗಳೇಕೆ ಇಲ್ಲ ಎಂಬ ಪ್ರಶ್ನೆಯನ್ನು ಅದು ಅಭ್ಯರ್ಥಿಯ ಮನೋಭಾವದ ಪ್ರಶ್ನೆಯಾಗಿ ಬದಲಿಸಿಬಿಡುತ್ತದೆ.

ಮಾರುಕಟ್ಟೆಯಲ್ಲಿ ಈ ಪದದ ದಾರಿ ಬೇರೆ. ಆಡಂ ಸ್ಮಿತ್ 1776ರ ತನ್ನ ಗ್ರಂಥದಲ್ಲಿ ವ್ಯಾಪಾರಿಗಳ ಪೈಪೋಟಿಯಿಂದ ಬೆಲೆ ಇಳಿಯುವುದನ್ನು ವಿವರಿಸಿದ. ಒಂದೇ ಕಸುಬಿನವರು ಕಲೆತರೆ ಮಾತುಕತೆ ಗಿರಾಕಿಯ ವಿರುದ್ಧದ ಸಂಚಿಗೆ ತಿರುಗುತ್ತದೆಂದೂ ಎಚ್ಚರಿಸಿದ. ಇಲ್ಲಿ ಲಾಭ ಸೇರುವುದು ಅರಸುವವರಿಗಲ್ಲ, ನಿಂತು ನೋಡುವ ಮೂರನೆಯವರಿಗೆ. ಅದಕ್ಕೇ ಭಾರತದ 2002ರ ಸ್ಪರ್ಧಾ ಕಾಯ್ದೆ ಮಾರಾಟಗಾರರು ಸೇರಿ ಬೆಲೆ ಗೊತ್ತುಮಾಡುವುದನ್ನೂ ಮಾರುಕಟ್ಟೆ ಹಂಚಿಕೊಳ್ಳುವುದನ್ನೂ ನಿಷೇಧಿಸುತ್ತದೆ. 2012ರಲ್ಲಿ ಸ್ಪರ್ಧಾ ಆಯೋಗ ಹನ್ನೊಂದು ಸಿಮೆಂಟ್ ಕಂಪನಿಗಳಿಗೆ ಇದೇ ಕಾರಣಕ್ಕೆ ಒಟ್ಟು 6,000 ಕೋಟಿ ರೂಪಾಯಿಗೂ ಮೀರಿದ ದಂಡ ಹಾಕಿತು. ಆ ವ್ಯಾಜ್ಯ ಮೇಲಿನ ನ್ಯಾಯಮಂಡಳಿಗಳಲ್ಲಿ ವರ್ಷಗಟ್ಟಲೆ ನಡೆಯಿತು. ಒಳಒಪ್ಪಂದ ಒಡೆಯಲು ಕಾಯ್ದೆ ಕಂಡುಕೊಂಡ ಉಪಾಯವೂ ಸ್ಪರ್ಧೆಯೇ: ಕೂಟದೊಳಗಿನ ಗುಟ್ಟನ್ನು ಮೊದಲು ಬಂದು ಆಯೋಗಕ್ಕೆ ತಿಳಿಸುವ ಕಂಪನಿಗೆ ದಂಡದಲ್ಲಿ ನೂರಕ್ಕೆ ನೂರರವರೆಗೆ, ಎರಡನೆಯದಕ್ಕೆ ಐವತ್ತರವರೆಗೆ, ಮೂರನೆಯದಕ್ಕೆ ಮೂವತ್ತರವರೆಗೆ ರಿಯಾಯಿತಿ ಸಿಗುತ್ತದೆ.