ದಾರಿ ತಪ್ಪಿದ ಯಂತ್ರ, ಹಿಂಬಾಲಿಸಿದ ಮನುಷ್ಯ

ಯಂತ್ರಮಾನವ ಮನುಷ್ಯನ ಕೆಲಸ ಕಸಿಯುತ್ತದೆಯೇ, ಒಂದು ದಿನ ತಿರುಗಿಬೀಳುತ್ತದೆಯೇ ಎಂಬ ಆತಂಕ ಹಳೆಯದು. ಮನುಷ್ಯನೇ ಯಂತ್ರವನ್ನು ಅತಿಯಾಗಿ ನಂಬಿ ಕೆಡಬಹುದೆಂಬ ಆತಂಕಕ್ಕೆ ಅಷ್ಟು ಪ್ರಚಾರ ದೊರೆತಿಲ್ಲ. ಈ ಎರಡನೆಯ ಅಪಾಯವನ್ನು ಬಯಲಿಗೆ ತಂದ ಪ್ರಬಂಧವೊಂದು 2016ರ ಮಾರ್ಚ್‌ನಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್ ನಗರದಲ್ಲಿ ಮಂಡನೆಯಾಯಿತು. 2006ರಲ್ಲಿ ಅಮೆರಿಕದ ಸಾಲ್ಟ್ ಲೇಕ್ ಸಿಟಿಯಲ್ಲಿ ಆರಂಭವಾದ ಮಾನವ-ರೋಬಾಟ್ ಒಡನಾಟದ ಅಂತಾರಾಷ್ಟ್ರೀಯ ಸಮ್ಮೇಳನ ಅದಕ್ಕೆ ವೇದಿಕೆಯಾಗಿತ್ತು. ಪ್ರಬಂಧವನ್ನು ಸಿದ್ಧಪಡಿಸಿದವರು ಜಾರ್ಜಿಯಾ ಟೆಕ್ ಸಂಸ್ಥೆಯ ಪಾಲ್ ರಾಬಿನೆಟ್, ಅಲನ್ ವ್ಯಾಗ್ನರ್, ಅಯಾನಾ ಹೊವಾರ್ಡ್ ಮತ್ತು ಸಂಗಡಿಗರು.

ಪ್ರಯೋಗ ಸರಳವಾಗಿತ್ತು. ಸ್ವಯಂಸೇವಕರನ್ನು ಒಬ್ಬೊಬ್ಬರಾಗಿ ಕಟ್ಟಡವೊಂದಕ್ಕೆ ಕರೆತಂದು, ರೋಬಾಟನ್ನು ಹಿಂಬಾಲಿಸಿ ಸಭಾಕೊಠಡಿಗೆ ಹೋಗುವಂತೆ ತಿಳಿಸಲಾಯಿತು. ರೋಬಾಟನ್ನು ಮರೆಯಲ್ಲಿದ್ದ ಸಂಶೋಧಕರೊಬ್ಬರು ನಡೆಸುತ್ತಿದ್ದರು. ಅರ್ಧದಷ್ಟು ಮಂದಿಯ ಪಾಲಿಗೆ ಅದು ಬೇಕೆಂದೇ ದಾರಿ ತಪ್ಪಿತು. ಬೇರೊಂದು ಕೊಠಡಿಗೆ ನುಗ್ಗಿ, ಅಲ್ಲಿ ಸುತ್ತು ಹಾಕಿ, ಬಳಿಕ ಸರಿಯಾದ ಜಾಗಕ್ಕೆ ಕರೆದೊಯ್ದಿತು. ಅವರು ಕೊಠಡಿಯೊಳಗೆ ಕುಳಿತಿರುವಾಗ ಹೊರಗಿನ ಪಡಸಾಲೆಯಲ್ಲಿ ಕೃತಕ ಹೊಗೆ ತುಂಬಿಸಿ ಬೆಂಕಿಯ ಎಚ್ಚರಿಕೆ ಗಂಟೆ ಬಾರಿಸಲಾಯಿತು. ಬಾಗಿಲು ತೆರೆದರೆ ಎದುರಿಗೆ ಅದೇ ರೋಬಾಟು. ಅದು ಕೈ ತೋರಿದ್ದು ಜನ ಒಳಬಂದ ದಾರಿಯತ್ತ ಅಲ್ಲ, ಕಟ್ಟಡದ ಹಿಂಬದಿಯ ಅಪರಿಚಿತ ದಾರಿಯತ್ತ.

ಭಾಗವಹಿಸಿದ 26 ಮಂದಿಯಲ್ಲಿ 26 ಮಂದಿಯೂ ರೋಬಾಟನ್ನೇ ಹಿಂಬಾಲಿಸಿದರು. ಕೆಲವೇ ನಿಮಿಷಗಳ ಹಿಂದೆ ಅದು ಎಡವಿದ್ದನ್ನು ಕಣ್ಣಾರೆ ಕಂಡವರೂ ಇದಕ್ಕೆ ಹೊರತಾಗಲಿಲ್ಲ. ಇರುಳು ಕಂಡ ಬಾವಿಗೆ ಹಗಲು ಬಿದ್ದರೆಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಡ. ಪೂರಕ ಪ್ರಯೋಗವೊಂದರಲ್ಲಿ ರೋಬಾಟು ಹೊರದಾರಿಯೇ ಕಾಣದ ಕತ್ತಲ ಕೋಣೆಯತ್ತ ಬೆರಳು ಮಾಡಿತು. ಆಗಲೂ ಬಹುಪಾಲು ಜನ ತಾವು ಬಂದ ಸುರಕ್ಷಿತ ದಾರಿಯಲ್ಲಿ ಮರಳಲಿಲ್ಲ.

ಇದನ್ನು ಜನರ ದಡ್ಡತನವೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಕಂಪ್ಯೂಟರ್ ಪರದೆಯ ಮೇಲೆ ಇಂತಹುದೇ ಸನ್ನಿವೇಶ ನಿರ್ಮಿಸಿ ನಡೆಸಿದ್ದ ಹಿಂದಿನ ಅಧ್ಯಯನಗಳಲ್ಲಿ, ತಪ್ಪು ಮಾಡಿದ ರೋಬಾಟನ್ನು ಜನ ನಂಬಿರಲಿಲ್ಲ. ನಿಜವಾದ ಹೊಗೆಯೂ ಗದ್ದಲವೂ ಎದುರಾದಾಗ ಲೆಕ್ಕಾಚಾರ ಬದಲಾಯಿತು. ತುರ್ತು ಮಾರ್ಗದರ್ಶಿ ಎಂಬ ಬರಹ ಹೊತ್ತು ನಿಂತ ಯಂತ್ರ, ಆ ಗಳಿಗೆಯಲ್ಲಿ ಅಧಿಕಾರವುಳ್ಳ ವ್ಯಕ್ತಿಯಂತೆ ಕಂಡಿರಬಹುದು ಎಂಬುದು ಸಂಶೋಧಕರ ಊಹೆ. ಭಾಗವಹಿಸಿದವರ ಸಂಖ್ಯೆ ಚಿಕ್ಕದು, ಅವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳು, ಕಟ್ಟಡವೂ ಒಂದೇ ಎಂಬ ಮಿತಿಗಳು ನಿಜ. ಆದರೂ ಶಾಂತ ಸ್ಥಿತಿಯಲ್ಲಿ ಮನುಷ್ಯ ಯಂತ್ರದ ಬಗ್ಗೆ ತಳೆಯುವ ನಿಲುವು ಸಂಕಟದಲ್ಲಿ ಉಳಿಯುತ್ತದೆಂಬ ಭರವಸೆ ಇಲ್ಲ ಎಂಬ ಪಾಠ ಚಿಕ್ಕದಲ್ಲ.

ಪ್ರಯೋಗಾಲಯದ ಹೊರಗಿನ ಘಟನೆಗಳು ಆ ಪಾಠವನ್ನು ಇನ್ನಷ್ಟು ಗಂಭೀರವಾಗಿಸಿವೆ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆಯಲ್ಲಿ, ಪರೀಕ್ಷಾರ್ಥ ಓಡುತ್ತಿದ್ದ ಸ್ವಯಂಚಾಲಿತ ಕಾರು ರಸ್ತೆ ದಾಟುತ್ತಿದ್ದ ಮಹಿಳೆಯನ್ನು ಬಲಿ ತೆಗೆದುಕೊಂಡಿತು. ಮೇಲ್ವಿಚಾರಣೆಗೆಂದು ಕುಳಿತವರ ಗಮನ ಮೊಬೈಲ್ ಮೇಲಿತ್ತೆಂದು ತನಿಖೆ ಹೇಳಿತು. ಯಂತ್ರದ ಮೇಲಿನ ಭರವಸೆಯಿಂದ ಹುಟ್ಟುವ ಮೈಮರೆವನ್ನು ತಡೆಯಲು ಕಂಪನಿ ಸಾಕಷ್ಟು ವ್ಯವಸ್ಥೆ ಮಾಡಿರಲಿಲ್ಲ ಎಂದೂ ಅದು ದಾಖಲಿಸಿತು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿ ಬಳಿ ಅಪೂರ್ಣ ಸೇತುವೆಯಿಂದ ಕಾರು ಉರುಳಿ ಮೂವರು ಮೃತಪಟ್ಟಾಗ, ಅವರು ಮೊಬೈಲ್ ನಕ್ಷೆಯ ಸೂಚನೆ ಅನುಸರಿಸಿದ್ದಿರಬಹುದೆಂಬ ಶಂಕೆ ಪೊಲೀಸರಿಂದಲೇ ವ್ಯಕ್ತವಾಯಿತು. ಸೇತುವೆಯ ತುದಿಗೆ ತಡೆಗೋಡೆ ಇಡದವರ ಹೊಣೆ ಅದರಿಂದ ಕಡಿಮೆಯಾಗುವುದಿಲ್ಲ.

ಹೊಣೆಯ ಪ್ರಶ್ನೆಯೇ ಇಲ್ಲಿ ಮುಖ್ಯವಾದುದು. 2024ರಲ್ಲಿ ಐರೋಪ್ಯ ಒಕ್ಕೂಟ ಅಂಗೀಕರಿಸಿದ ಕೃತಕ ಬುದ್ಧಿಮತ್ತೆ ಕಾಯ್ದೆಯ 14ನೇ ವಿಧಿ, ಯಂತ್ರದ ಉತ್ತರವನ್ನು ಕಣ್ಣುಮುಚ್ಚಿ ಒಪ್ಪುವ ಪ್ರವೃತ್ತಿಯನ್ನು ಹೆಸರಿಸಿಯೇ ಎಚ್ಚರಿಸುತ್ತದೆ. ಅತಿ ಅಪಾಯದ ವ್ಯವಸ್ಥೆಗಳ ಮೇಲ್ವಿಚಾರಕರಿಗೆ ಅದರ ಅರಿವಿರಬೇಕು ಎನ್ನುತ್ತದೆ. ಇದು ಸ್ವಾಗತಾರ್ಹ. ಆದರೆ ಹೊಗೆ ತುಂಬಿದ ಪಡಸಾಲೆಯಲ್ಲಿ ನಿಂತವನಿಗೆ ಅರಿವಿನ ಪಾಠ ನೆನಪಾಗದು ಎಂಬುದನ್ನೇ ಜಾರ್ಜಿಯಾ ಟೆಕ್ ಪ್ರಯೋಗ ತೋರಿಸಿದ್ದು. ಆದ್ದರಿಂದ ಬಳಸುವವನಿಗೆ ಎಚ್ಚರಿಕೆ ಹೇಳಿ ಕೈತೊಳೆದುಕೊಳ್ಳಲು ತಯಾರಕರಿಗೆ ಅವಕಾಶವಿರಬಾರದು. ದಾರಿ ತಿಳಿಯದಿದ್ದಾಗ ತಿಳಿಯದು ಎಂದು ಹೇಳಲು, ಕೆಟ್ಟಾಗ ತೋರುಗೈಯನ್ನು ಕೆಳಗಿಳಿಸಲು ಯಂತ್ರಕ್ಕೆ ಮೊದಲೇ ಕಲಿಸಿರಬೇಕು.

ಈಗ ಪ್ರಶ್ನೆ ಕೇಳಿದೊಡನೆ ತಡವರಿಸದೆ ಉತ್ತರಿಸುವ ತಂತ್ರಾಂಶಗಳು ಪ್ರತಿ ಕೈಯಲ್ಲೂ ಇವೆ. ಔಷಧ, ಸಾಲ, ಕಾನೂನು ಎಲ್ಲದಕ್ಕೂ ಅವುಗಳ ಬಳಿ ಸಲಹೆ ಉಂಟು. ಸರಿಯಿದ್ದಾಗಲೂ ತಪ್ಪಿದ್ದಾಗಲೂ ಅವುಗಳ ದನಿಯ ಭರವಸೆ ಒಂದೇ. ಅವುಗಳ ಗುಣಮಟ್ಟವನ್ನು ಎಷ್ಟು ಬಾರಿ ಸರಿಯಾಗಿ ಹೇಳುತ್ತವೆ ಎಂಬುದರಿಂದ ಮಾತ್ರ ಅಳೆದರೆ ಸಾಲದು. ತಪ್ಪುವಾಗ ಕೇಳುಗನಿಗೆ ಸುಳಿವು ಕೊಡುತ್ತವೆಯೇ ಎಂಬುದರಿಂದಲೂ ಅಳೆಯಬೇಕು.