ಸಾಧಕರ ಪಟ್ಟಿಯಲ್ಲಿಲ್ಲದ ಮಕ್ಕಳ ಸುದ್ದಿ ಯಾರು ಹೇಳಬೇಕು?

ಸರ್ಕಾರಿ ಶಾಲೆಗಳಲ್ಲಿ ಮಾರ್ಚ್ ಬಂತೆಂದರೆ ಎರಡು ಕೆಲಸಗಳು ಒಟ್ಟಿಗೆ ಬರುತ್ತವೆ. ಒಂದು, ಎರಡನೇ ಸಂಕಲನಾತ್ಮಕ ಮೌಲ್ಯಮಾಪನ. ಇನ್ನೊಂದು, ಶೈಕ್ಷಣಿಕ ವರ್ಷದ ಕೊನೆಯ ಎಸ್‌ಡಿಎಂಸಿ ಸಭೆ. ಮೊದಲನೆಯದಕ್ಕೆ ನಮ್ಮನ್ನು ಬಿ.ಇಡಿ. ಚೆನ್ನಾಗಿಯೇ ತಯಾರು ಮಾಡುತ್ತದೆ. ನೀಲನಕ್ಷೆ ಹಾಕುತ್ತೇವೆ, ಸಾಧನಾ ಪರೀಕ್ಷೆ ನಡೆಸುತ್ತೇವೆ, ಸರಾಸರಿ ಕಂಡುಹಿಡಿಯುತ್ತೇವೆ, ಆಲೇಖ ಬರೆದು ಕಡತಕ್ಕೆ ಅಂಟಿಸುತ್ತೇವೆ. ಎರಡನೆಯದಕ್ಕೆ ನಮ್ಮ ಪಾಠಯೋಜನೆಯ ಪುಸ್ತಕದಲ್ಲಿ ಒಂದು ಪುಟವೂ ಇಲ್ಲ. ಮಗು ಎಷ್ಟು ಕಲಿತಿದೆ ಎಂಬುದನ್ನು ಅಳೆಯಲು ಕಲಿಯುವ ನಾವು, ಅದನ್ನು ಆ ಮಗುವಿನ ಮನೆಯವರಿಗೆ ಹೇಳಲು ಕಲಿಯುವುದಿಲ್ಲ. ಇದು ಅಭ್ಯಾಸ ಬೋಧನೆಯ ಒಂದು ಭಾಗವೇ ಆಗಬೇಕು ಎಂಬುದು ನನ್ನ ಅಭಿಪ್ರಾಯ.

ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ನಮ್ಮ ರಾಜ್ಯಕ್ಕೆ ಹೊಸದಲ್ಲ. ಭೌತವಿಜ್ಞಾನಿ ರಾಜಾರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ನಂತರ 2001ರಲ್ಲಿ ಸರ್ಕಾರಿ ಆದೇಶದ ಮೂಲಕ ಅದು ಬಂತು. 2009ರ ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇಂಥ ಸಮಿತಿಗೆ ಇಡೀ ದೇಶದಲ್ಲಿ ಕಾನೂನಿನ ಬಲ ಕೊಟ್ಟಿತು. ಸದಸ್ಯರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸವನ್ನು ಗಮನಿಸುವುದು, ಅನುದಾನದ ಬಳಕೆ ನೋಡುವುದು, ಶಾಲಾಭಿವೃದ್ಧಿ ಯೋಜನೆ ತಯಾರಿಸುವುದು ಅದರ ಕೆಲಸ. ಅದೇ ಕಾಯ್ದೆಯ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಹೇಳುವಾಗ, ಪೋಷಕರ ಸಭೆಗಳನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಾತಿ, ಕಲಿಯುವ ಸಾಮರ್ಥ್ಯ, ಕಲಿಕೆಯ ಪ್ರಗತಿಯನ್ನು ತಿಳಿಸಬೇಕು ಎಂದು ಸ್ಪಷ್ಟವಾಗಿ ಬರೆದಿದೆ. ಪಾಠ ಮಾಡುವುದು ಹೇಗೆ ಕರ್ತವ್ಯವೋ, ಇದೂ ಹಾಗೆಯೇ.

ಇಂಟರ್ನ್‌ಶಿಪ್‌ನಲ್ಲಿ ನಾನಿದ್ದದ್ದು ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ಆರರಿಂದ ಎಂಟನೇ ತರಗತಿಗೆ ಗಣಿತ, ವಿಜ್ಞಾನ ತೆಗೆದುಕೊಳ್ಳುತ್ತಿದ್ದೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು ವರ್ಷದ ಕೊನೆಯ ಸಭೆಯಲ್ಲಿ ಕುಳಿತೆ. ಮೊದಲು ಲೆಕ್ಕಪತ್ರ, ಬಿಸಿಯೂಟ, ಶೌಚಾಲಯದ ನೀರಿನ ವಿಷಯ ಬಂತು. ಇವುಗಳ ಬಗ್ಗೆ ಪೋಷಕರು ಜೋರಾಗಿಯೇ ಮಾತಾಡಿದರು. ಆಮೇಲೆ ವರ್ಷದ ಸಾಧನೆಗಳನ್ನು ಓದಲಾಯಿತು. ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠಕ್ಕೆ ತಾಲ್ಲೂಕು ಮಟ್ಟದ ಬಹುಮಾನ, ಖೋಖೋ ತಂಡದ ಗೆಲುವು, ಎನ್‌ಎಂಎಂಎಸ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಒಬ್ಬ ಹುಡುಗಿ. ಚಪ್ಪಾಳೆ ಬಿತ್ತು, ಬೀಳಬೇಕಾದದ್ದೇ. ನಡಾವಳಿ ಪುಸ್ತಕ ಸಹಿಗೆ ಬರುವ ಹೊತ್ತಿಗೆ ಒಬ್ಬ ತಾಯಿ ಕೇಳಿದರು: "ನಮ್ಮುಡುಗನ ಹೆಸರು ಯಾವುದ್ರಲ್ಲೂ ಬರ್ಲಿಲ್ವಲ್ಲ ಮೇಷ್ಟ್ರೇ, ಅವನ ಸುದ್ದಿ ಏನು?"

"ಬಿ ಪ್ಲಸ್ ಬಂದಿದೆ, ಪರವಾಗಿಲ್ಲ" ಎಂಬ ಉತ್ತರ ಸಿಕ್ಕಿತು. ಅದು ಸುಳ್ಳಲ್ಲ. ಆದರೆ ಆ ಉತ್ತರದಿಂದ ಆಕೆ ಮನೆಗೆ ಏನನ್ನು ಕೊಂಡೊಯ್ಯಬೇಕು? ನಮ್ಮ ಸಿಸಿಇ ಪದ್ಧತಿಯಲ್ಲಿ ಬಿ ಪ್ಲಸ್ ಎಂದರೆ ಶೇ. 50ರಿಂದ 69. ಎನ್‌ಎಂಎಂಎಸ್ ಪರೀಕ್ಷೆಗೆ ಕೂರಲು ಏಳನೇ ತರಗತಿಯಲ್ಲಿ ಶೇ. 55 ಅಂಕ ಅಥವಾ ತತ್ಸಮಾನ ಶ್ರೇಣಿ ಬೇಕು. ಪರಿಶಿಷ್ಟ ಜಾತಿ, ಪಂಗಡದ ಮಕ್ಕಳಿಗೆ ಶೇ. 5ರ ರಿಯಾಯಿತಿ ಇದೆ. ಆ ಹುಡುಗ ಇರುವುದು ಏಳರಲ್ಲಿ. ಮುಂದಿನ ವರ್ಷ ಪರೀಕ್ಷೆ ಬರೆಯಬೇಕಾದವನು ಅವನೇ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂಪಾಯಿ, ನಾಲ್ಕು ವರ್ಷಕ್ಕೆ 48,000. ಕೂಲಿ ಮಾಡುವ ಮನೆಯಲ್ಲಿ, ಹತ್ತನೇ ತರಗತಿಗೆ ಓದು ನಿಲ್ಲುವುದೋ ಮುಂದುವರಿಯುವುದೋ ಎಂಬುದನ್ನು ಈ ಮೊತ್ತ ನಿರ್ಧರಿಸಬಹುದು. ಪಾಸಾದ ಹುಡುಗಿಯ ಹೆಸರು ಸಭೆಯಲ್ಲಿ ಕೇಳಿಸಿತು. ಮುಂದಿನ ಸಾಲಿನ ಮಕ್ಕಳ ಮನೆಯವರು ಈಗಲೇ ಏನು ಮಾಡಬೇಕು ಎಂಬುದು ಕೇಳಿಸಲಿಲ್ಲ. ಕುಟುಂಬದ ವಾರ್ಷಿಕ ಆದಾಯ ಮೂರೂವರೆ ಲಕ್ಷದೊಳಗಿರಬೇಕು, ಆದಾಯ ಪ್ರಮಾಣ ಪತ್ರ ಮಾಡಿಸಿಟ್ಟುಕೊಳ್ಳಬೇಕು, ಮಗುವಿನ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಬೇಕು ಎಂದು ಎರಡು ನಿಮಿಷದಲ್ಲಿ ಹೇಳಿದ್ದರೆ, ಒಬ್ಬಳ ಸಾಧನೆ ಮೂವತ್ತು ಮನೆಗಳಿಗೆ ದಾರಿಯಾಗುತ್ತಿತ್ತು.

ಇನ್ನೊಂದು ಸಂಗತಿ. ಅದೇ ತರಗತಿಗೆ ನಾನು ಭಿನ್ನರಾಶಿಯ ಮೇಲೆ ನೈದಾನಿಕ ಪರೀಕ್ಷೆ ಕೊಟ್ಟಿದ್ದೆ. ಅರ್ಧಕ್ಕೆ ಮೂರನೇ ಒಂದು ಭಾಗ ಕೂಡಿಸಿ ಎಂದರೆ ಹಲವು ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/5 ಎಂದು ಬರೆದಿದ್ದರು. ಆ ತಾಯಿಯ ಮಗನೂ ಹಾಗೆಯೇ ಬರೆದಿದ್ದ. ಸಭೆ ಮುಗಿದ ಮೇಲೆ ಆಕೆಗೆ ಅದನ್ನು ತೋರಿಸಿ ಕೇಳಿದೆ: "ಅರ್ಧ ರೊಟ್ಟಿ ತಟ್ಟೆಯಲ್ಲಿದೆ ಅಕ್ಕ, ಅದಕ್ಕೆ ಇನ್ನೊಂದು ತುಂಡು ಹಾಕಿದ್ರಿ. ಈಗ ತಟ್ಟೆಯಲ್ಲಿರೋದು ಅರ್ಧಕ್ಕಿಂತ ಕಡಿಮೆ ಆಗುತ್ತಾ?" ಆಕೆ ನಕ್ಕು "ಅದೆಂಗಾಯ್ತದೆ?" ಎಂದರು. "ನಿಮ್ಮ ಹುಡುಗ ಹಾಗೆ ಬರೆದಿದ್ದಾನೆ. ಲೆಕ್ಕ ಮಾಡೋಕೆ ಬರುತ್ತೆ, ಬಂದ ಉತ್ತರ ಸರಿಯಿದೆಯಾ ಅಂತ ನೋಡೋಕೆ ಇನ್ನೂ ಬಂದಿಲ್ಲ" ಎಂದೆ. ಆಕೆ ಕೇಳಿದ ಮುಂದಿನ ಪ್ರಶ್ನೆ ಇದು: "ಇದನ್ನ ಮುಂದಿನ ಕ್ಲಾಸಿನವ್ರಿಗೆ ಯಾರು ಹೇಳ್ತಾರೆ?"

ಮೇಲುಸ್ತುವಾರಿ ಎಂದರೆ ಇದೇ ಅಲ್ಲವೇ? ಓದು ಬರಹ ಹೆಚ್ಚಿಲ್ಲದ ಪೋಷಕರಿಗೆ ಕಲಿಕೆಯ ವಿಷಯ ಅರ್ಥವಾಗುವುದಿಲ್ಲ, ಅವರು ಬಣ್ಣ, ಬೋರ್‌ವೆಲ್, ಕಾಂಪೌಂಡ್ ಬಗ್ಗೆ ಮಾತ್ರ ಮಾತಾಡುತ್ತಾರೆ ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಅವರು ಗೋಡೆಯ ಬಗ್ಗೆ ಮಾತಾಡುವುದು ಗೋಡೆ ಕಣ್ಣಿಗೆ ಕಾಣುವುದರಿಂದ. ಕಲಿಕೆಯನ್ನೂ ಅಷ್ಟೇ ಕಾಣುವಂತೆ ಮುಂದಿಟ್ಟರೆ ಅದರ ಬಗ್ಗೆಯೂ ಮಾತಾಡುತ್ತಾರೆ. ಮುಂದಿಡುವುದು ನಮ್ಮ ಕೆಲಸ. ಅಂಕಗಳೆಲ್ಲ ಸ್ಯಾಟ್ಸ್ ತಂತ್ರಾಂಶ ಸೇರುತ್ತವೆ. ಅದರ ಹೆಸರಿನಲ್ಲೇ 'ವಿದ್ಯಾರ್ಥಿ ಸಾಧನೆ' ಇದೆ. ಕಂಪ್ಯೂಟರಿಗೆ ತಲುಪಿದ ಸಾಧನೆ ತಾಯಿಗೆ ತಲುಪದಿದ್ದರೆ ಕೆಲಸ ಅರ್ಧವೇ ಆದಂತೆ.

ನನ್ನ ಮಾತಿಗೆ ಎದುರಾಗಿ ಮೂರು ಮಾತು ಬರಬಹುದು, ಮೂರರಲ್ಲೂ ಹುರುಳಿದೆ. ಮೊದಲನೆಯದು: ಖಾಸಗಿ ಶಾಲೆಯ ಬಸ್ಸು ಊರೊಳಗೇ ಬರುವ ಕಾಲದಲ್ಲಿ ಸರ್ಕಾರಿ ಶಾಲೆ ತನ್ನ ಗೆಲುವುಗಳನ್ನು ಎತ್ತಿ ಹೇಳಲೇಬೇಕು, ದಾಖಲಾತಿ ಉಳಿಯಬೇಕಲ್ಲ? ನಿಜ. ಬಹುಮಾನಗಳನ್ನು ಓದುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಪೋಷಕರು ಮಗುವನ್ನು ಶಾಲೆಯಲ್ಲಿ ಉಳಿಸುವುದು ಬೇರೆಯವರ ಮಗುವಿಗೆ ಬಂದ ಕಪ್ ನೋಡಿ ಅಲ್ಲ, ತಮ್ಮ ಮಗುವನ್ನು ಮೇಷ್ಟ್ರು ಬಲ್ಲರು ಎಂಬ ನಂಬಿಕೆಯಿಂದ.

ಎರಡನೆಯದು: ಎಲ್ಲರೆದುರು ಮಕ್ಕಳ ಕೊರತೆ ಹೇಳಿದರೆ ಅವಮಾನವಾಗುತ್ತದೆ. ಖಂಡಿತ. ಆದ್ದರಿಂದ ಸಭೆಯಲ್ಲಿ ತರಗತಿಯ ಮಾತು ಮಾತ್ರ ಇರಲಿ, ಹೆಸರು ಬೇಡ. 'ಏಳನೇ ತರಗತಿಯವರು ಜೂನ್‌ನಲ್ಲಿ ದಶಮಾಂಶ ಓದಲು ತಡವರಿಸುತ್ತಿದ್ದರು, ಈಗ ಹೆಚ್ಚಿನವರು ಓದುತ್ತಾರೆ. ಭಿನ್ನರಾಶಿ ಕೂಡುವುದು ಇನ್ನೂ ಗಟ್ಟಿಯಾಗಬೇಕು' ಎಂದರೆ ಯಾರ ಮುಖವೂ ಬಾಡುವುದಿಲ್ಲ. ಒಂದೊಂದು ಮಗುವಿನ ವಿಷಯ ಅದರ ಮನೆಯವರ ಜೊತೆ ಬೇರೆಯಾಗಿ ಆಡುವಂಥದ್ದು.

ಮೂರನೆಯದು: ಶಿಕ್ಷಕರಿಗೆ ಸಮಯ ಎಲ್ಲಿದೆ? ಬಿಸಿಯೂಟದ ಲೆಕ್ಕ, ದತ್ತಾಂಶ ತುಂಬುವ ಕೆಲಸ, ಗಣತಿ, ಚುನಾವಣೆಯ ಕೆಲಸ ಇವನ್ನೆಲ್ಲ ನಾನು ಹತ್ತಿರದಿಂದ ಕಂಡೆ. ಅದಕ್ಕೇ ಪ್ರತಿ ಮಗುವಿಗೆ ಹೊಸ ದಾಖಲೆ ಬೇಡ, ತರಗತಿಗೆ ಒಂದು ಪುಟ ಸಾಕು. ಆ ಪುಟವನ್ನು ಸಿದ್ಧಪಡಿಸಲು ಶಾಲೆಗೆ ಎರಡು ಕೈ ಹೆಚ್ಚುವರಿಯಾಗಿ ಸಿಗುವುದು ನಾವು ಅಲ್ಲಿರುವಾಗಲೇ.

ಹಾಗಾಗಿ ನಮ್ಮ ಕಾಲೇಜಿನ ಗುರುಗಳ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ.

ಒಂದು: 2014ರ ಎನ್‌ಸಿಟಿಇ ನಿಯಮಗಳ ಪ್ರಕಾರ ಎರಡು ವರ್ಷದ ಬಿ.ಇಡಿ.ಯಲ್ಲಿ ಒಟ್ಟು 20 ವಾರ ಶಾಲೆಯ ಅನುಭವ ಇದೆ. ಅದರಲ್ಲಿ ಪ್ರತಿ ಪ್ರಶಿಕ್ಷಣಾರ್ಥಿ ಒಂದಾದರೂ ಎಸ್‌ಡಿಎಂಸಿ ಅಥವಾ ಪೋಷಕರ ಸಭೆಯಲ್ಲಿ ಕುಳಿತು, ಯಾರು ಬಂದರು, ಯಾರು ಮಾತಾಡಿದರು, ಕಲಿಕೆಗೆ ಎಷ್ಟು ಹೊತ್ತು ಸಿಕ್ಕಿತು ಎಂದು ಎರಡು ಪುಟದ ವರದಿ ಬರೆಯಲಿ. ಸಭೆಯ ವೇಳೆಯನ್ನೂ ಅದರಲ್ಲಿ ಗುರುತಿಸಲಿ. ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ಕೂಲಿಗೆ ಹೋಗುವ ತಾಯಿ ಒಂದು ದಿನದ ದುಡಿಮೆ ಬಿಟ್ಟು ಬರಬೇಕು. ಬಾರದವರನ್ನು 'ಆಸಕ್ತಿಯಿಲ್ಲದವರು' ಎನ್ನುವ ಮೊದಲು ಗಡಿಯಾರ ನೋಡುವುದು ನ್ಯಾಯ.

ಎರಡು: ಸಾಧನಾ ಪರೀಕ್ಷೆಯ ಕಡತದ ಕೊನೆಗೆ ಇನ್ನೊಂದು ಹಾಳೆ ಸೇರಲಿ. ಸರಾಸರಿ, ಮಾನಕ ವಿಚಲನೆ ಆದ ಮೇಲೆ, ಅದೇ ಫಲಿತಾಂಶವನ್ನು ಪೋಷಕರಿಗೆ ಓದಿ ಹೇಳುವಂತೆ ಹತ್ತು ವಾಕ್ಯದ ಸರಳ ಕನ್ನಡದಲ್ಲಿ ಬರೆಯಬೇಕು. ಏನು ಬಂದಿದೆ, ಏನು ಬಂದಿಲ್ಲ, ಮನೆಯಲ್ಲಿ ಏನು ಮಾಡಬಹುದು, ಮುಂದಿನ ತರಗತಿಯ ಶಿಕ್ಷಕರು ಏನನ್ನು ಗಮನಿಸಬೇಕು. 'ಅಂಶ', 'ಛೇದ' ಬಿಟ್ಟು ರೊಟ್ಟಿಯಲ್ಲಿ ಹೇಳುವುದು ಸುಲಭವಲ್ಲ. ವಿಷಯ ನಮಗೇ ತಿಳಿದಿದೆಯೇ ಎಂಬ ಪರೀಕ್ಷೆಯೂ ಅದರಲ್ಲಾಗುತ್ತದೆ.

ಮೂರು: ಸೂಕ್ಷ್ಮ ಬೋಧನೆಯಲ್ಲಿ ಪ್ರಶ್ನಿಸುವ ಕೌಶಲ, ವಿವರಿಸುವ ಕೌಶಲ ಎಂದು ಆರು ನಿಮಿಷ ಅಭ್ಯಾಸ ಮಾಡುತ್ತೇವಲ್ಲ, ಹಾಗೆಯೇ ಪೋಷಕರೊಡನೆ ಮಾತಾಡುವ ಕೌಶಲಕ್ಕೂ ಒಂದು ಸರದಿ ಇರಲಿ. ಸಹಪಾಠಿಗಳು ಪೋಷಕರಾಗಿ ಕುಳಿತು ಆ ತಾಯಿಯ ಪ್ರಶ್ನೆಯನ್ನೇ ಕೇಳಲಿ. 'ಪರವಾಗಿಲ್ಲ, ಇನ್ನೂ ಓದಬೇಕು' ಎಂಬ ಉತ್ತರಕ್ಕೆ ವೀಕ್ಷಣಾ ಪಟ್ಟಿಯಲ್ಲಿ ಅಂಕ ಸಿಗದಿರಲಿ.

ಮುಂದಿನ ತಂಡದವರು ಶಾಲೆಗಳಿಗೆ ಹೊರಡುವ ಮುನ್ನ ಇವುಗಳಲ್ಲಿ ಎರಡನೆಯದನ್ನಾದರೂ ಜಾರಿಗೆ ತರಬಹುದು. ಅದಕ್ಕೆ ಯಾವ ಆದೇಶವೂ, ಅನುದಾನವೂ ಬೇಕಿಲ್ಲ, ಬೇಕಾದದ್ದು ಒಂದು ಬಿಳಿ ಹಾಳೆ. ಅದರ ಒಂದು ಪ್ರತಿ ಪೋಷಕರ ಸಭೆಗೆ, ಇನ್ನೊಂದು ಪ್ರತಿ ಜೂನ್‌ನಲ್ಲಿ ಆ ಮಕ್ಕಳನ್ನು ತೆಗೆದುಕೊಳ್ಳುವ ಶಿಕ್ಷಕರ ಮೇಜಿಗೆ ಹೋಗಲಿ.